ಎರೆ ಮಣ್ಣಿನಲ್ಲಿ ಅಜ್ಜನ ಹೆಸರಿನ ಬೇವು

ಹೈದರಾಬಾದ್ ನಿಜಾಮನ ಪರ ನಿಂತಿದ್ದ ರಜಾಕಾರರ ಹಾವಳಿಗೆ ಊರು ಬಿಟ್ಟು ತಿರುಗಿ ಬಂದ ಅಜ್ಜನ ನೆನಪಿಗೆ ಸೆಪ್ಟೆಂಬರ್ 17ರಂದೇ ಕಲಬುರಗಿಯ ಮನೆ ಮುಂದೆ ಬೇವು ನೆಟ್ಟಿರಿ, ದಿನಾ ನೀರು ಹಾಕಿದರೂ ಎರಡು ತಿಂಗಳಿಗೆ ಸತ್ತಿತು, ಈ ಸಲ ಏನು ಮಾಡಬೇಕು ಅಂತ ಕೇಳಿದ್ದೀರಿ.

ಬಹುಶಃ ದಿನಾ ನೀರು ಹಾಕಿದ್ದಕ್ಕೇ ಸತ್ತಿದೆ. ಎಲೆ ಹಳದಿಯಾಗಿ ಜೋತುಬಿದ್ದು, ಬೇರು ಕಪ್ಪಾಗಿ ನಾರುತ್ತಿದ್ದರೆ ಅನುಮಾನವೇ ಬೇಡ.

ದಿನ ಒಳ್ಳೆಯದೇ. ದೇಶಕ್ಕೆ 1947ರ ಆಗಸ್ಟ್ 15ರಂದು ಬಂದ ಸ್ವಾತಂತ್ರ್ಯ ನಿಜಾಮನ ಆಳ್ವಿಕೆಯಲ್ಲಿದ್ದ ನಮ್ಮ ಭಾಗಕ್ಕೆ ಬಂದದ್ದು 1948ರ ಸೆಪ್ಟೆಂಬರ್ 17ಕ್ಕೆ. ಆದರೆ ಸೆಪ್ಟೆಂಬರ್ ಇಲ್ಲಿ ಜೋರು ಮಳೆಯ ತಿಂಗಳು. ಹಸಿ ಎರೆಯಲ್ಲಿ ಸಲಿಕೆ ಆಡಿಸಿದರೆ ಗುಂಡಿಯ ಗೋಡೆ ಗಾರೆ ಬಳಿದಂತೆ ನುಣ್ಣಗಾಗುತ್ತದೆ. ನೀರು ಇಂಗುವುದಿಲ್ಲ, ಬೇರು ಆಚೆ ದಾಟುವುದಿಲ್ಲ. ಅದಕ್ಕೇ ನೆಡುವುದು ಸೆಪ್ಟೆಂಬರಿನಲ್ಲಾದರೂ ಗುಂಡಿ ಮೇ ತಿಂಗಳಲ್ಲೇ ಆಗಬೇಕು. ಮನೆಯ ಗೋಡೆಯಿಂದ 12-15 ಅಡಿ ದೂರ, ತಂತಿ ಹಾದುಹೋಗದ ಕಡೆ, ಎರಡು ಅಡಿ ಉದ್ದ, ಅಗಲ, ಆಳ. ಹದಿನೈದು ದಿನ ಬಿಸಿಲಿಗೆ ಬಿಡಿ. ಆಮೇಲೆ ತುಂಬ ನೀರು ಹೊಯ್ದು ನೋಡಿ. ಮರುದಿನವೂ ನಿಂತಿದ್ದರೆ ಅಲ್ಲಿ ಗುಂಡಿಯ ಆಸೆ ಬಿಟ್ಟು ಒಂದೂವರೆ ಅಡಿ ಎತ್ತರ, ಐದು ಅಡಿ ಅಗಲದ ದಿಬ್ಬ ಮಾಡಿ ಅದರ ಮೇಲೆ ನೆಡಿ. ತುಂಬಲು ಮೇಲ್ಮಣ್ಣು ಮೂರು ಪಾಲು, ಗರಸು ಒಂದು ಪಾಲು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಒಂದು ಪಾಲು, ಗೆದ್ದಲಿಗೆ ಒಂದು ಕಿಲೋ ಬೇವಿನ ಹಿಂಡಿ. ಬೀದರಿನ ಜಂಬಿಟ್ಟಿಗೆ ನೆಲವಾಗಿದ್ದರೆ ಇಷ್ಟು ತಾಪತ್ರಯ ಇರುತ್ತಿರಲಿಲ್ಲ, ಅಲ್ಲಿ ನೀರು ತಾನೇ ಇಂಗುತ್ತದೆ.

ಸಸಿ ಎರಡು ಮೂರು ಅಡಿಯದು ಸಾಕು. ಆಳೆತ್ತರದ್ದು ಫೋಟೋಕ್ಕೆ ಚೆಂದ, ಆದರೆ ಅದರ ಬೇರು ಚೀಲದೊಳಗೇ ಸುತ್ತಿಕೊಂಡಿರುತ್ತದೆ. ಹಾಗೇ ನೆಟ್ಟರೆ ನೆಲದಲ್ಲೂ ಸುತ್ತುತ್ತಲೇ ಇದ್ದು ಮುಂದೆ ಕಾಂಡವನ್ನೇ ಬಿಗಿಯುತ್ತದೆ. ಚೀಲ ಸೀಳಿ ತೆಗೆದು, ಸುತ್ತಿದ ಬೇರನ್ನು ಚೂಪು ಕತ್ತರಿಯಿಂದ ಕತ್ತರಿಸಿ. ಬುಡ ನೆಲಕ್ಕಿಂತ ಎರಡು ಬೆರಳು ಮೇಲಿರಲಿ. ಹಸಿ ಮಣ್ಣನ್ನು ಕಾಲಿಂದ ತುಳಿಯಬೇಡಿ.

ನೀರಿನ ಲೆಕ್ಕ ಕೈಯಲ್ಲೇ ಇದೆ. ಮೂರು ಬೆರಳು ಆಳದ ಮಣ್ಣು ತೆಗೆದು ಹಿಂಡಿ. ಉಂಡೆಯಾಗಿ ಕೈಗೆ ಅಂಟಿದರೆ ಆವತ್ತು ನೀರು ಬೇಡ. ಚಳಿಗಾಲದಲ್ಲಿ ವಾರಕ್ಕೊಮ್ಮೆ ಎರಡು ಕೊಡ, ಬೇಸಿಗೆಯಲ್ಲಿ ನಾಲ್ಕು ದಿನಕ್ಕೊಮ್ಮೆ ಸಂಜೆ. ಎರಡನೇ ವರ್ಷ ಹದಿನೈದು ದಿನಕ್ಕೊಮ್ಮೆ ಸಾಕು, ಮೂರನೇ ವರ್ಷ ನಿಲ್ಲಿಸಿಬಿಡಿ. ಎರೆ ಬಿರುಕು ಬಿಟ್ಟರೆ ಸಣ್ಣ ಬೇರು ಹರಿಯುತ್ತವೆ, ಅದಕ್ಕೆ ಬುಡದ ಸುತ್ತ ಮೂರು ಇಂಚು ದಪ್ಪ ತೊಗರಿ ಹೊಟ್ಟು ಹಾಸಿ. ನಮ್ಮ ಕಡೆ ಅದಕ್ಕೇನು ಬರ? ಕಾಂಡಕ್ಕೆ ಮಾತ್ರ ತಾಗಬಾರದು, ಕೊಳೆಯುತ್ತದೆ.

ಮಳೆಗಾಲದ ಕೊನೆಗೆ ಬೇವಿನ ತುದಿ ಕಂದಾಗಿ ಒಣಗಿದರೆ ಗಾಬರಿಯಾಗಿ ಕಿತ್ತು ಹಾಕಬೇಡಿ. ಅದು ಹೆಚ್ಚಾಗಿ ಫೊಮೊಪ್ಸಿಸ್ ಎಂಬ ಶಿಲೀಂಧ್ರದ ಕೆಲಸ. ಒಣಗಿದ್ದಕ್ಕಿಂತ ಎರಡು ಇಂಚು ಕೆಳಗೆ ಕತ್ತರಿಸಿ ಸುಟ್ಟುಬಿಡಿ, ಸಾಮಾನ್ಯವಾಗಿ ಬೇಸಿಗೆಗೆ ಮತ್ತೆ ಚಿಗುರುತ್ತದೆ.

ಅಜ್ಜನ ಹೆಸರಿನ ತಗಡನ್ನು ಮರಕ್ಕೆ ಮೊಳೆ ಹೊಡೆದು ಹಾಕುವುದು ನನಗಂತೂ ಸರಿ ಕಾಣುವುದಿಲ್ಲ. ಶಹಾಬಾದಿನ ಫರ್ಸಿಯಲ್ಲಿ ಕೆತ್ತಿಸಿ ಮೂರು ಅಡಿ ದೂರ ನಿಲ್ಲಿಸಿ. ಕಟ್ಟೆ ಕಟ್ಟುವ ಆಸೆಯಿದ್ದರೆ ಹತ್ತು ವರ್ಷ ತಡೆಯಿರಿ.

ಆಡಿನ ಬಾಯಿಗೆ ಸಿಗದಂತೆ ಜಾಲಿ ಮುಳ್ಳು ಸುತ್ತಿ. ಆಸರೆಗೆ ಎರಡೂ ಬದಿ ಬಿದಿರು ಕೋಲು ನೆಟ್ಟು, ಹಳೇ ಸೀರೆಯ ಪಟ್ಟಿಯಿಂದ ಸಡಿಲವಾಗಿ, ಸಸಿ ಗಾಳಿಗೆ ಅಲ್ಲಾಡುವಷ್ಟು ಬಿಟ್ಟು ಕಟ್ಟಿ. ಅಲ್ಲಾಡಿದರೇ ಕಾಂಡ ದಪ್ಪಗಾಗುವುದು. ಮುಂದಿನ ಸೆಪ್ಟೆಂಬರ್ 17ಕ್ಕೆ ಪಟ್ಟಿ ಬಿಚ್ಚಿ ನೋಡಿ, ತಾನೇ ನೆಟ್ಟಗೆ ನಿಂತರೆ ಕೋಲು ಕಿತ್ತುಬಿಡಿ. ವಾಲಿದರೆ ಇನ್ನಾರು ತಿಂಗಳು ಕಟ್ಟಿರಿ.