ಫ್ಯಾನ್ ಫಿಲ್ಮ್‌ಗೆ ಕೊಟ್ಟ ದುಡ್ಡಿನ ಲೆಕ್ಕ ಯಾರು ಕೊಡಬೇಕು?

ಓದುಗರ ಪ್ರಶ್ನೆಗಳಿಗೆ ಈ ಸಲ ಸಿನಿಮಾ ನಿರ್ಮಾಣದ ಲೆಕ್ಕಪತ್ರ ನೋಡುವ ಲೆಕ್ಕಪರಿಶೋಧಕರು ಉತ್ತರಿಸಿದ್ದಾರೆ.

ಪ್ರಶ್ನೆ: ನಾನು ಅಮೆರಿಕದ ಡಲ್ಲಾಸ್‌ನಲ್ಲಿದ್ದೇನೆ, ಊರು ಶಿವಮೊಗ್ಗ. ಬಾಹ್ಯಾಕಾಶದ ಕಥೆಗಳೆಂದರೆ ಚಿಕ್ಕಂದಿನಿಂದ ಹುಚ್ಚು. ಮೂರು ವರ್ಷದ ಹಿಂದೆ ಅಭಿಮಾನಿಗಳೇ ಸೇರಿ ಮಾಡುವ ಒಂದು ಫ್ಯಾನ್ ಫಿಲ್ಮ್‌ಗೆ ಆನ್‌ಲೈನ್‌ನಲ್ಲಿ 250 ಡಾಲರ್ ಕೊಟ್ಟೆ. ಒಂದು ವರ್ಷದಲ್ಲಿ ಸಿನಿಮಾ ಎಂದಿದ್ದರು. ಇನ್ನೂ ಶೂಟಿಂಗ್ ಮುಗಿದಿಲ್ಲ. ಆ ದುಡ್ಡಿನಲ್ಲಿ ಸ್ಟುಡಿಯೋ ಬಾಡಿಗೆಗೆ ಹಿಡಿದಿದ್ದಾರೆ, ತಂಡದ ಮುಖ್ಯಸ್ಥರು ಸಂಬಳವನ್ನೂ ತೆಗೆದುಕೊಂಡಿದ್ದಾರೆ ಎಂದು ಈಗ ಗೊತ್ತಾಗಿದೆ. ಲೆಕ್ಕ ಕೇಳಿದವರನ್ನು ಗುಂಪಿನಿಂದ ತೆಗೆಯುತ್ತಿದ್ದಾರೆ. ಇದು ಮೋಸ ಅಲ್ವಾ? ದುಡ್ಡು ವಾಪಸ್ ಬರುತ್ತದಾ?

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದು. ಜನರ ದುಡ್ಡು ಪಡೆದವರು ಲೆಕ್ಕ ಕೇಳಿದವರನ್ನು ಹೊರಗೆ ಹಾಕುವುದು ಯಾವ ಕಾರಣಕ್ಕೂ ಸರಿಯಲ್ಲ. ಆದರೆ ಮೋಸ ಎಂದು ದೂರು ಬರೆಯುವ ಮೊದಲು ಒಂದು ಹಳೆಯ ಪ್ರಕರಣ ನೋಡಿ. ನಿಮ್ಮ ಕಥೆಗೂ ಅದಕ್ಕೂ ತುಂಬ ಹೋಲಿಕೆ ಇದೆ.

ಆ ಯೋಜನೆಯ ಹೆಸರು ಆಕ್ಸನಾರ್. ಬಾಹ್ಯಾಕಾಶದ ಕಥೆಗಳ ಅಮೆರಿಕನ್ ಸರಣಿ ಸ್ಟಾರ್ ಟ್ರೆಕ್‌ನ ಅಭಿಮಾನಿ ಅಲೆಕ್ ಪೀಟರ್ಸ್ ಇದರ ಮುಖ್ಯಸ್ಥರು. 2014ರಲ್ಲಿ, ಜನರಿಂದ ಆನ್‌ಲೈನ್‌ನಲ್ಲಿ ಹಣ ಎತ್ತುವ (ಕ್ರೌಡ್‌ಫಂಡಿಂಗ್) ತಾಣ ಕಿಕ್‌ಸ್ಟಾರ್ಟರ್ ಮೂಲಕ ಒಂದು ಲಕ್ಷ ಡಾಲರ್‌ಗೂ ಸ್ವಲ್ಪ ಜಾಸ್ತಿ ಎತ್ತಿ, ಸುಮಾರು 20 ನಿಮಿಷದ ಪೀಠಿಕೆ ಚಿತ್ರ ಮಾಡಿದರು. ಹೆಸರಿರುವ ನಟರಿದ್ದರು, ಗ್ರಾಫಿಕ್ಸ್ ಚೆನ್ನಾಗಿತ್ತು, ಜನ ಬೆರಗಾದರು. ಆ ಬೆರಗೇ ಮುಂದಿನ ಬಂಡವಾಳ ಆಯಿತು. ಪೂರ್ತಿ ಉದ್ದದ ಸಿನಿಮಾ ಮಾಡುತ್ತೇವೆ ಎಂದು ಅದೇ ವರ್ಷ ಮತ್ತೆ ಕೇಳಿದಾಗ 6.38 ಲಕ್ಷ ಡಾಲರ್ ಬಂತು. 2015ರಲ್ಲಿ ಅಂಥದ್ದೇ ಇನ್ನೊಂದು ತಾಣ ಇಂಡಿಗೋಗೋ ಮೂಲಕ ಇನ್ನೂ 5.7 ಲಕ್ಷದಷ್ಟು ಸೇರಿತು. ಒಟ್ಟು ಮೊತ್ತ ಹತ್ತು ಲಕ್ಷ ಡಾಲರ್ ದಾಟಿತು.

ಹಣ ಬಂದ ಮೇಲೆ ತಂಡ ಲಾಸ್ ಏಂಜಲೀಸ್ ಹತ್ತಿರದ ವ್ಯಾಲೆನ್ಸಿಯಾದಲ್ಲಿ ಒಂದು ದೊಡ್ಡ ಗೋದಾಮು ಬಾಡಿಗೆಗೆ ಹಿಡಿದು ಸ್ಟುಡಿಯೋ ಮಾಡಲು ಹೊರಟಿತು. ಯೋಜನೆಯ 2015ರ ವಾರ್ಷಿಕ ವರದಿಯಲ್ಲಿ ಪೀಟರ್ಸ್ ಅವರಿಗೆ 38,000 ಡಾಲರ್ ಸಂಬಳ ಎಂದು ತೋರಿಸಿದ್ದರು. ಅದನ್ನು ನೋಡಿ ಎಷ್ಟೋ ದಾನಿಗಳು ಸಿಡಿದರು. ಫ್ಯಾನ್ ಫಿಲ್ಮ್ ಎಂದರೆ ಎಲ್ಲರೂ ಪ್ರೀತಿಗೆ ದುಡಿಯುತ್ತಾರೆ ಎಂದು ಅವರು ನಂಬಿದ್ದರು.

2015ರ ಡಿಸೆಂಬರ್ 29ರಂದು ಸ್ಟಾರ್ ಟ್ರೆಕ್ ಹಕ್ಕುದಾರರಾದ ಸಿಬಿಎಸ್ ಮತ್ತು ಪ್ಯಾರಮೌಂಟ್ ಕ್ಯಾಲಿಫೋರ್ನಿಯಾದ ಫೆಡರಲ್ ಕೋರ್ಟಿನಲ್ಲಿ ಕಾಪಿರೈಟ್ ಉಲ್ಲಂಘನೆಯ ಕೇಸ್ ಹಾಕಿದವು. ದಾನಿಗಳ ಹಣ ಸ್ವಂತ ಖರ್ಚಿಗೂ ಹೋಗಿದೆ ಎಂದು ಕಂಪನಿಗಳ ವಕೀಲರು ವಾದಿಸಿದರು. ಪೀಟರ್ಸ್ ಅದನ್ನು ಒಪ್ಪಲಿಲ್ಲ, ತಮ್ಮ ಕೈಯಿಂದಲೂ ಹಣ ಹಾಕಿದ್ದೇನೆ ಎಂದರು. 2017ರ ಜನವರಿ ಮೊದಲ ವಾರ ನ್ಯಾಯಾಧೀಶ ಗ್ಯಾರಿ ಕ್ಲಾಸ್ನರ್ ಅವರ ಆದೇಶ ಬಂತು: ಕೆಲವು ಸಂದರ್ಭಗಳಲ್ಲಿ ಅನುಮತಿ ಇಲ್ಲದೆಯೂ ಬಳಸಲು ಬಿಡುವ, ಕಾಪಿರೈಟ್ ಕಾನೂನಿನ ‘ನ್ಯಾಯಯುತ ಬಳಕೆ’ ಎಂಬ ರಕ್ಷಣೆ ಈ ಸಿನಿಮಾಗೆ ಸಿಗುವುದಿಲ್ಲ. ಟಿಕೆಟ್ ಮಾರದಿದ್ದರೂ ಸ್ಟಾರ್ ಟ್ರೆಕ್ ಜನಪ್ರಿಯತೆಯ ಮೇಲೆ ಹತ್ತು ಲಕ್ಷಕ್ಕೂ ಮಿಗಿಲಾಗಿ ಹಣ ಎತ್ತಿದ್ದನ್ನು ಅವರು ಲಾಭದ ಕಡೆಗೇ ಲೆಕ್ಕಕ್ಕೆ ಹಿಡಿದರು. ಜೂರಿ ವಿಚಾರಣೆ ಶುರುವಾಗುವ ಮೊದಲು, ಜನವರಿ 20ರಂದು ಎರಡೂ ಕಡೆಯವರು ರಾಜಿ ಆದರು. 15 ನಿಮಿಷ ಮೀರದ ಎರಡು ಕಂತು ಮಾಡಬಹುದು, ಜಾಹೀರಾತಿಲ್ಲದೆ ಯೂಟ್ಯೂಬ್‌ಗೆ ಹಾಕಬಹುದು, ಸಾರ್ವಜನಿಕವಾಗಿ ಮತ್ತೆ ಕ್ರೌಡ್‌ಫಂಡಿಂಗ್ ಮಾಡುವಂತಿಲ್ಲ. ದಾನಿಗಳಿಗೆ ಹೇಳಿದ್ದ ಪೂರ್ತಿ ಸಿನಿಮಾದ ಆಸೆ ಅಲ್ಲಿಗೆ ಮುಗಿಯಿತು.

ಇಲ್ಲಿ ಒಂದು ವಿಷಯ ಗಮನಿಸಿ. ಆ ಕೇಸ್ ನಡೆದದ್ದು ಕಾಪಿರೈಟ್ ಬಗ್ಗೆ. ದಾನಿಗಳ ಪರವಾಗಿ ಆ ಕೋರ್ಟಿನಲ್ಲಿ ಯಾರೂ ನಿಂತಿರಲಿಲ್ಲ. ಹಣ ದುರ್ಬಳಕೆ ಆಗಿದೆ ಎಂದಾಗಲಿ, ಆಗಿಲ್ಲ ಎಂದಾಗಲಿ ಯಾವ ತೀರ್ಪೂ ಅಲ್ಲಿ ಬರಲಿಲ್ಲ. ಹತ್ತು ಡಾಲರ್ ಕೊಟ್ಟ ಹುಡುಗನಿಂದ ಹಿಡಿದು ಸಾವಿರಾರು ಕೊಟ್ಟವರ ತನಕ ಯಾರಿಗೂ ಉತ್ತರ ಸಿಗಲಿಲ್ಲ. ನನಗೆ ಈ ಪ್ರಕರಣದಲ್ಲಿ ಅತಿ ಹೆಚ್ಚು ಬೇಸರ ತರುವುದು ಇದೇ.

ಲೆಕ್ಕದವನಾಗಿ ನನ್ನ ಕಣ್ಣು ಸಂಬಳಕ್ಕಿಂತ ಜಾಸ್ತಿ ಆ ಗೋದಾಮಿನ ಮೇಲೆ ಹೋಗುತ್ತದೆ. ಸ್ಟುಡಿಯೋ ಮಾಡುತ್ತೇವೆ ಎಂದು ಅವರು ಮೊದಲೇ ಹೇಳಿದ್ದರು, ಅದನ್ನು ಮುಚ್ಚಿಟ್ಟಿರಲಿಲ್ಲ. ಆದರೆ ಬಾಡಿಗೆ ಎಂಬುದು ಶೂಟಿಂಗ್ ನಡೆದರೂ ಹೋಗುತ್ತದೆ, ನಿಂತರೂ ಹೋಗುತ್ತದೆ. ಕರೆಂಟು, ವಿಮೆ, ಏಸಿ, ಕಾವಲು ಎಲ್ಲವೂ ಹಾಗೇ. ನಟರು ಕ್ಯಾಮೆರಾ ಮುಂದೆ ಬರುವ ಮೊದಲೇ ತಿಂಗಳು ತಿಂಗಳು ಹಣ ಕರಗುತ್ತದೆ. ಯಾರೂ ಜೇಬಿಗೆ ಹಾಕಿಕೊಳ್ಳದಿದ್ದರೂ ಕೊನೆಗೆ ಸಿನಿಮಾಗೆ ಹಣ ಉಳಿಯುವುದಿಲ್ಲ. ಜೊತೆಗೆ, ಸಿನಿಮಾ ಮುಗಿದ ಮೇಲೂ ಆ ಸ್ಟುಡಿಯೋ ಉಳಿಯುತ್ತದೆ. ಅದು ಯಾರದ್ದು? ಬೇರೆಯವರಿಗೆ ಬಾಡಿಗೆಗೆ ಕೊಟ್ಟರೆ ಬರುವ ಹಣ ಯಾರಿಗೆ? ನಿಮ್ಮ ತಂಡಕ್ಕೆ ಮೊದಲು ಕೇಳಬೇಕಾದ ಪ್ರಶ್ನೆಗಳು ಇವು.

ಈಗ ನಿಮ್ಮ 250 ಡಾಲರ್. ಕಿಕ್‌ಸ್ಟಾರ್ಟರ್ ಥರದ ತಾಣಗಳಲ್ಲಿ ಒಪ್ಪಂದ ಇರುವುದು ನಿಮಗೂ ಯೋಜನೆ ಮಾಡುವವರಿಗೂ ನಡುವೆ. ತಾಣ ಅದರಲ್ಲಿ ಪಾಲುದಾರ ಅಲ್ಲ, ಜಾಮೀನೂ ಅಲ್ಲ. ತನ್ನ 5 ಶೇಕಡಾ ಕಮಿಷನ್ ಹಿಡಿದುಕೊಂಡು ಉಳಿದದ್ದನ್ನು ಅವರಿಗೆ ಕೊಟ್ಟುಬಿಡುತ್ತದೆ. ಆದರೆ ಕಿಕ್‌ಸ್ಟಾರ್ಟರ್ ನಿಯಮಗಳಲ್ಲಿ ನಿಮಗೆ ಅನುಕೂಲವಾದ ಒಂದು ಮಾತಿದೆ. ಕೆಲಸ ಮುಗಿಸಲು ಆಗದಿದ್ದರೆ ಏನೇನು ಕೆಲಸ ಆಯಿತು, ಹಣ ಹೇಗೆ ಖರ್ಚಾಯಿತು, ಯಾಕೆ ನಿಂತಿತು ಎಂದು ಹೇಳಬೇಕು. ಉಳಿದ ಹಣವನ್ನು ವಾಪಸ್ ಕೊಡಬೇಕು, ಇಲ್ಲವೇ ಅದನ್ನು ಹೇಗೆ ಬಳಸಿ ಯೋಜನೆ ಮುಗಿಸುತ್ತೇವೆ ಎಂದು ತಿಳಿಸಬೇಕು. ನೀವು ಬೇರೆ ತಾಣದಲ್ಲಿ ಕೊಟ್ಟಿದ್ದರೆ, ಕೊಟ್ಟ ದಿನ ಅಲ್ಲಿದ್ದ ನಿಯಮಗಳ ಪ್ರತಿ ಹುಡುಕಿ. ‘ಮೋಸಗಾರ’ ಎಂದು ಬೈದು ಬರೆಯುವುದಕ್ಕಿಂತ, ಆ ನಿಯಮದ ಸಾಲು ತೋರಿಸಿ ಲೆಕ್ಕ ಕೇಳುವ ಪತ್ರಕ್ಕೆ ಬೆಲೆ ಜಾಸ್ತಿ.

ಹತ್ತಾರು ಜನ ಸೇರಿ ಒಂದೇ ಪತ್ರ ಬರೆಯಿರಿ. ಎಷ್ಟು ಬಂತು, ತಾಣದ ಕಮಿಷನ್ ಎಷ್ಟು, ಬಾಡಿಗೆ ಎಷ್ಟು, ಯಾರಿಗೆ ಎಷ್ಟು ಸಂಬಳ, ಬ್ಯಾಂಕಿನಲ್ಲಿ ಉಳಿದದ್ದೆಷ್ಟು: ಇಷ್ಟನ್ನೇ ಕೇಳಿ, ಉತ್ತರಕ್ಕೆ 30 ದಿನ ಕೊಡಿ. ಅವರು ಹಿಂದೆ ಹಾಕಿದ ಪೋಸ್ಟ್‌ಗಳ ಸ್ಕ್ರೀನ್‌ಶಾಟ್ ಇವತ್ತೇ ತೆಗೆದಿಡಿ. ಜಗಳ ಶುರುವಾದ ಮೇಲೆ ಹಳೆಯ ಭರವಸೆಗಳು ಮಾಯವಾಗುತ್ತವೆ.

ಉತ್ತರ ಬರದಿದ್ದರೆ ದೂರು ಕೊಡುವ ದಾರಿ ಇದೆ. ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಕ್ರೌಡ್‌ಫಂಡಿಂಗ್ ವಿಷಯದಲ್ಲಿ ಮೊದಲ ಸಲ ಕ್ರಮ ತೆಗೆದುಕೊಂಡದ್ದು 2015ರಲ್ಲಿ. ಒಂದು ಬೋರ್ಡ್ ಗೇಮ್ ಮಾಡುತ್ತೇನೆಂದು 1,246 ಜನರಿಂದ 1.22 ಲಕ್ಷ ಡಾಲರ್ ಪಡೆದವನು ಆ ಹಣವನ್ನು ಮನೆ ಬಾಡಿಗೆಗೆ, ಊರು ಬದಲಿಸುವುದಕ್ಕೆ, ಇನ್ನೊಂದು ಯೋಜನೆಗೆ ಬಳಸಿದ ಎಂಬುದು ಆರೋಪ. 1,11,793 ಡಾಲರ್ ಕಟ್ಟಬೇಕು ಎಂದು ಆದೇಶ ಆಯಿತು. ಆದರೆ ಕಟ್ಟುವ ಶಕ್ತಿ ಇಲ್ಲ ಎಂಬ ಕಾರಣಕ್ಕೆ ಅದರ ವಸೂಲಿಯನ್ನು ತಡೆಹಿಡಿದರು. ಅದೇ ವರ್ಷ ವಾಷಿಂಗ್ಟನ್ ರಾಜ್ಯದಲ್ಲಿ ಇಸ್ಪೀಟು ಎಲೆಗಳ ಯೋಜನೆಯೊಂದರ ವಿರುದ್ಧ 54,851 ಡಾಲರ್ ತೀರ್ಪು ಬಂತು. ಅದರಲ್ಲಿ ಹಣ ಕಳೆದುಕೊಂಡವರಿಗೆ ಹೋದ ಪಾಲು 668 ಡಾಲರ್ ಮಾತ್ರ, ಅದೂ ಆ ರಾಜ್ಯದ 31 ಜನರಿಗೆ. ಉಳಿದದ್ದು ದಂಡ ಮತ್ತು ಕೋರ್ಟು ಖರ್ಚು.

ಈ ಅಂಕಿಗಳನ್ನು ಕೊಟ್ಟದ್ದು ನಿಮ್ಮನ್ನು ಹೆದರಿಸಲು ಅಲ್ಲ. ದೂರು ಕೊಡಿ. ನೀವಿರುವ ಟೆಕ್ಸಸ್ ರಾಜ್ಯದ ಅಟಾರ್ನಿ ಜನರಲ್ ಕಚೇರಿಯ ಗ್ರಾಹಕ ವಿಭಾಗಕ್ಕೂ, ಆ ತಂಡ ಇರುವ ರಾಜ್ಯದ ಕಚೇರಿಗೂ, ಫೆಡರಲ್ ಟ್ರೇಡ್ ಕಮಿಷನ್‌ಗೂ ಕೊಡಿ. ಒಂದೇ ಯೋಜನೆ ಮೇಲೆ ದೂರುಗಳು ಸೇರಿದಾಗಲೇ ಅಧಿಕಾರಿಗಳು ಫೈಲ್ ತೆರೆಯುತ್ತಾರೆ. ಕ್ರೆಡಿಟ್ ಕಾರ್ಡ್ ಕಂಪನಿಯ ಮೂಲಕ ವಾಪಸ್ ಪಡೆಯುವ ಗಡುವು ತಿಂಗಳುಗಳ ಲೆಕ್ಕದ್ದು. ಮೂರು ವರ್ಷ ಆಗಿರುವುದರಿಂದ ಆ ಬಾಗಿಲು ಮುಚ್ಚಿದಂತೆಯೇ. ನಿಮ್ಮ 250 ಡಾಲರ್ ಕೈಗೆ ಬರುವ ಸಾಧ್ಯತೆ ಕಡಿಮೆ. ಆದರೆ ಲೆಕ್ಕ ಹೊರಗೆ ಬರುವ ಸಾಧ್ಯತೆ ಚೆನ್ನಾಗಿಯೇ ಇದೆ, ಮುಂದೆ ಅದೇ ಜನ ಇನ್ನೊಂದು ಯೋಜನೆ ಹಿಡಿದು ಬಂದಾಗ ಹೊಸಬರಿಗೆ ಅದು ಕಾಣುತ್ತದೆ.

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಎಡಿಟರ್. ಫ್ಯಾನ್ ಫಿಲ್ಮ್ ಮಾಡುವವರು ಸಂಬಳ ತೆಗೆದುಕೊಂಡರೆ ಜನ ಯಾಕೆ ಇಷ್ಟು ಕೂಗಾಡುತ್ತಾರೆ? ನಾವು ಊಟ ಮಾಡಬೇಡವೇ?

ಉತ್ತರ: ಮಾಡಬೇಕು. ಕೆಲಸಕ್ಕೆ ಕೂಲಿ ತಪ್ಪಲ್ಲ. ಲೈಟ್ ಹೊರುವ ಹುಡುಗನಿಗೆ ಬಾಟಾ (ದಿನದ ಭತ್ಯೆ) ಕೊಡದೆ ‘ಪ್ರೀತಿಗೆ ಮಾಡು’ ಎನ್ನುವುದೇ ನನ್ನ ಮಟ್ಟಿಗೆ ದೊಡ್ಡ ತಪ್ಪು. ಪ್ರಶ್ನೆ ಇರುವುದು ಯಾವಾಗ ಹೇಳಿದಿರಿ ಎಂಬುದರಲ್ಲಿ. ಹಣ ಕೇಳುವ ದಿನವೇ ‘ಎಡಿಟರ್‌ಗೆ ಇಷ್ಟು, ನನಗೆ ತಿಂಗಳಿಗೆ ಇಷ್ಟು’ ಎಂದು ಬರೆದಿದ್ದರೆ ಅದು ಬಜೆಟ್. ಹಣ ಬಂದ ಒಂದು ವರ್ಷದ ಮೇಲೆ ವರದಿಯಲ್ಲಿ ಕಂಡರೆ ದಾನಿಗೆ ಅದು ಕಳ್ಳತನದ ಹಾಗೆ ಕಾಣುತ್ತದೆ, ಮೊತ್ತ ಎಷ್ಟೇ ನ್ಯಾಯವಾಗಿರಲಿ. ತನ್ನ ಸಂಬಳವನ್ನು ತಾನೇ ನಿಗದಿ ಮಾಡಿ ತಾನೇ ಚೆಕ್‌ಗೆ ಸಹಿ ಹಾಕುವುದಂತೂ ಬೇಡವೇ ಬೇಡ. ಇನ್ನೊಬ್ಬರ ಸಹಿ ಇರಲಿ.

ಇನ್ನೊಂದು ಮಾತು. ಆಕ್ಸನಾರ್ ಕೇಸ್ ನಡೆಯುತ್ತಿರುವಾಗಲೇ, 2016ರ ಜೂನ್‌ನಲ್ಲಿ, ಸಿಬಿಎಸ್ ಮತ್ತು ಪ್ಯಾರಮೌಂಟ್ ಸ್ಟಾರ್ ಟ್ರೆಕ್ ಫ್ಯಾನ್ ಫಿಲ್ಮ್‌ಗಳಿಗೆ ನಿಯಮ ತಂದವು. ಒಂದು ಕಥೆ 15 ನಿಮಿಷ, ಎರಡು ಕಂತಾದರೆ 30 ನಿಮಿಷ. ಎತ್ತುವ ಹಣ 50,000 ಡಾಲರ್ ಮೀರಬಾರದು. ಕೆಲಸ ಮಾಡುವವರು ಸಂಬಳ ಪಡೆಯುವಂತಿಲ್ಲ. ಅಂಥ ಕಡೆ ನೀವು ದಾನಿಗಳನ್ನು ಒಪ್ಪಿಸಿದರೂ ಹಕ್ಕುದಾರರು ಒಪ್ಪುವುದಿಲ್ಲ. ಕೆಲಸ ಹಿಡಿಯುವ ಮೊದಲು ಈ ನಿಯಮ ಓದಿ.

ಪ್ರಶ್ನೆ: ನಾವು ಹಾಸನದ ಆರು ಜನ ಗೆಳೆಯರು. ನಮಗಿಷ್ಟವಾದ ಒಂದು ಹಳೆಯ ಕನ್ನಡ ಚಿತ್ರದ ಪಾತ್ರ ಇಟ್ಟುಕೊಂಡು ಅರ್ಧ ಗಂಟೆಯ ಫ್ಯಾನ್ ಫಿಲ್ಮ್ ಮಾಡುವ ಆಸೆ. ಆರು ಲಕ್ಷ ಬೇಕು. ಅಭಿಮಾನಿಗಳಿಂದ, ಅಮೆರಿಕದಲ್ಲಿರುವ ಪರಿಚಯದವರಿಂದ ಎತ್ತೋಣ ಎಂದಿದ್ದೇವೆ. ನನ್ನ ಗೂಗಲ್ ಪೇ ನಂಬರ್ ಹಾಕಿದರೆ ಸಾಕಲ್ವಾ? ಮುಂದೆ ಕೆಟ್ಟ ಹೆಸರು ಬರಬಾರದು.

ಉತ್ತರ: ನಿಮ್ಮ ನಂಬರ್ ಹಾಕಬೇಡಿ. ಕೆಟ್ಟ ಹೆಸರು ಶುರುವಾಗುವುದೇ ಅಲ್ಲಿ. ಸಂಬಂಧಿಕರಲ್ಲದವರಿಂದ ವರ್ಷಕ್ಕೆ ಒಟ್ಟು 50,000 ರೂಪಾಯಿಗಿಂತ ಜಾಸ್ತಿ ಉಡುಗೊರೆ ಬಂದರೆ ಪೂರ್ತಿ ಮೊತ್ತ ನಿಮ್ಮ ಆದಾಯ ಎಂದು ತೆರಿಗೆಗೆ ಬರುತ್ತದೆ. ಆರು ಲಕ್ಷ ನಿಮ್ಮ ಉಳಿತಾಯ ಖಾತೆಗೆ ಬಂದು, ಅದರಲ್ಲೇ ನಿಮ್ಮ ಮನೆಯ ಕರೆಂಟ್ ಬಿಲ್ಲೂ ಕ್ಯಾಮೆರಾ ಬಾಡಿಗೆಯೂ ಹೋದರೆ, ನೀವು ಎಷ್ಟೇ ಪ್ರಾಮಾಣಿಕರಾಗಿದ್ದರೂ ಆಮೇಲೆ ಬಿಡಿಸಿ ತೋರಿಸಲು ಆಗುವುದಿಲ್ಲ. ಆರು ಜನ ಸೇರಿ ಪಾಲುದಾರಿಕೆ ಸಂಸ್ಥೆ ಮಾಡಿ. ಅದರ ಹೆಸರಿನಲ್ಲಿ ಬೇರೆ ಖಾತೆ ತೆಗೆಯಿರಿ, ಹಣ ತೆಗೆಯಲು ಇಬ್ಬರ ಸಹಿ ಬೇಕು ಎಂದು ಬ್ಯಾಂಕಿಗೆ ಬರೆದುಕೊಡಿ. ತೆರಿಗೆ ಹೇಗೆ ಕಟ್ಟಬೇಕು ಎಂದು ಅಲ್ಲೇ ಹಾಸನದಲ್ಲಿ ಒಬ್ಬ ಸಿಎ ಹತ್ತಿರ ಮೊದಲೇ ಕೇಳಿ.

ಅಮೆರಿಕದ ಹಣದಲ್ಲಿ ಪಾಸ್‌ಪೋರ್ಟ್ ನೋಡಬೇಕು. ಭಾರತದ ಪಾಸ್‌ಪೋರ್ಟ್ ಇರುವವರು ಅಲ್ಲಿ ದುಡಿದ ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದನ್ನು ವಿದೇಶಿ ದೇಣಿಗೆ ಎಂದು ಲೆಕ್ಕ ಹಾಕುವುದಿಲ್ಲ. ಆದರೆ ಅಲ್ಲಿನ ಪೌರತ್ವ ತೆಗೆದುಕೊಂಡವರು ಕೊಟ್ಟರೆ, ಅವರ ಕೈಯಲ್ಲಿ ಭಾರತ ಮೂಲದವರಿಗೆ ಕೊಡುವ ಓಸಿಐ ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆ. ವಿದೇಶಿ ದೇಣಿಗೆಯನ್ನು ನಿಯಂತ್ರಿಸುವ ಎಫ್‌ಸಿಆರ್‌ಎ ಕಾನೂನು ಅಡ್ಡ ಬರುತ್ತದೆ. ಈ ವಿಷಯವನ್ನು ತುಂಬ ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ನೀವು ಹಾಗೆ ಮಾಡಬೇಡಿ.

ಕೊಡುವವರಿಗೆ ಅವರು ಏನು ಕೊಡುತ್ತಿದ್ದಾರೆ ಎಂದೂ ಸ್ಪಷ್ಟವಾಗಿ ಹೇಳಿ. 2013ರಲ್ಲಿ ಪವನ್ ಕುಮಾರ್ ‘ಲೂಸಿಯಾ’ ಮಾಡಿದಾಗ ನೂರಕ್ಕೂ ಹೆಚ್ಚು ಜನ ಹಣ ಹಾಕಿದ್ದರು. ಆದರೆ ಅವರು ಬಂಡವಾಳ ಹೂಡಿದವರು, ಸಿನಿಮಾದ ಗಳಿಕೆಯಲ್ಲಿ ಪಾಲು ಇದ್ದವರು. ಫ್ಯಾನ್ ಫಿಲ್ಮ್‌ನಲ್ಲಿ ಗಳಿಕೆಯೇ ಇರಬಾರದು. ಲಾಭದ ಮಾತು ಬಾಯಿತಪ್ಪಿಯೂ ಬೇಡ.

ಇವೆಲ್ಲಕ್ಕಿಂತ ಮೊದಲು ಹಕ್ಕು ಯಾರ ಹತ್ತಿರ ಇದೆ ನೋಡಿ. ಹಳೆಯ ಚಿತ್ರ ಎಂದ ಮಾತ್ರಕ್ಕೆ ಹಕ್ಕು ಮುಗಿದಿರುವುದಿಲ್ಲ. ಭಾರತದಲ್ಲಿ ಸಿನಿಮಾಗೆ ಬಿಡುಗಡೆಯಾದ ಮುಂದಿನ ವರ್ಷದಿಂದ 60 ವರ್ಷ ಕಾಪಿರೈಟ್ ಇರುತ್ತದೆ. ಕಥೆ ಬರೆದವರ ಹಕ್ಕು ಅವರು ತೀರಿಕೊಂಡ ಮೇಲೂ 60 ವರ್ಷ. ನಿರ್ಮಾಪಕರು ಅದನ್ನು ಬೇರೆಯವರಿಗೆ ಮಾರಿರಲೂಬಹುದು. ಹಾಡಿನ ಹಕ್ಕು ಸಾಮಾನ್ಯವಾಗಿ ಆಡಿಯೋ ಕಂಪನಿಯ ಹತ್ತಿರ ಇರುತ್ತದೆ. ಫೋನಿನಲ್ಲಿ ‘ಮಾಡ್ಕೊಳ್ಳಿ ಬಿಡಿ’ ಅಂದರೆ ಸಾಲದು, ಕಾಗದದಲ್ಲಿ ಒಪ್ಪಿಗೆ ಬೇಕು. ಆ ಕಾಗದ ಕೈಗೆ ಬರುವ ತನಕ ಒಂದು ರೂಪಾಯಿಯನ್ನೂ ಕೇಳಬೇಡಿ. ಅನುಮತಿ ಇಲ್ಲದೆ ಹಣ ಎತ್ತಿ, ಸೆಟ್ ಹಾಕಿ, ಆಮೇಲೆ ನೋಟಿಸ್ ಬಂದರೆ ಖರ್ಚಾದ ಹಣ ಹೋಯಿತು, ಸಿನಿಮಾನೂ ಇಲ್ಲ.

ಹಣ ಬರತೊಡಗಿದ ಮೇಲೆ ತಿಂಗಳಿಗೊಮ್ಮೆ ಲೆಕ್ಕ ಹಾಕಿ. ಗಣೇಶೋತ್ಸವದ ಚಂದಾ ಲೆಕ್ಕವನ್ನು ಪೆಂಡಾಲ್ ಪಕ್ಕ ಬೋರ್ಡಿನಲ್ಲಿ ಬರೆಯುತ್ತಾರಲ್ಲ, ಅಷ್ಟು ಸರಳವಾಗಿದ್ದರೆ ಸಾಕು: ಬಂದದ್ದು, ಹೋದದ್ದು, ಉಳಿದದ್ದು. ಊಟದ ಬಿಲ್ಲು, ಡೀಸೆಲ್ ಬಿಲ್ಲು ಎಲ್ಲ ಫೈಲಿನಲ್ಲಿರಲಿ. ಬಿಲ್ಲು ಸಿಗದ ಕಡೆ ವೋಚರ್ ಬರೆದು ಹಣ ಪಡೆದವರ ಸಹಿ ಹಾಕಿಸಿ. ಕ್ಯಾಮೆರಾ, ಲೈಟು ಕೊಳ್ಳಬೇಡಿ, ಬಾಡಿಗೆಗೆ ತನ್ನಿ. ಕೊಂಡರೆ ಸಿನಿಮಾ ಮುಗಿದ ದಿನ ಅದು ಆರು ಜನರಲ್ಲಿ ಯಾರ ಮನೆಗೆ ಹೋಗುತ್ತದೆ ಎಂಬ ಪ್ರಶ್ನೆ ಏಳುತ್ತದೆ.

ಆರು ಲಕ್ಷದ ಬದಲು ನಾಲ್ಕೇ ಬಂದರೆ ಏನು ಮಾಡುತ್ತೀರಿ ಎಂಬುದನ್ನೂ ಮೊದಲೇ ಬರೆಯಿರಿ. ಚಿತ್ರ ಚಿಕ್ಕದಾಗುತ್ತದೋ, ಹಣ ವಾಪಸ್ಸೋ, ಎರಡರಲ್ಲಿ ಒಂದು. ಬರೆದಿಟ್ಟ ಆ ಹಾಳೆಗೆ ಆರು ಜನವೂ ಸಹಿ ಹಾಕಿ, ಹಣ ಕೇಳುವ ಪುಟದಲ್ಲೇ ಅದನ್ನು ಹಾಕಿಬಿಡಿ.