ಮಂಗಳೂರಿನಲ್ಲಿ ಬೀದಿ ಬೀದಿಗೂ ಡೆಂಗಿ ಅಂತಾರೆ, ಸರ್ಕಾರಿ ಲೆಕ್ಕ ಮಾತ್ರ ಯಾಕೆ ಅಷ್ಟು ಕಡಿಮೆ?

ಸರ್ಕಾರ ಎಣಿಸುವುದು ಡೆಂಗಿ ಬಂದವರನ್ನೆಲ್ಲ ಅಲ್ಲ. ಎಲೈಸಾ ಎಂಬ ಲ್ಯಾಬ್ ಪರೀಕ್ಷೆಯಲ್ಲಿ ಖಚಿತವಾದವರನ್ನು ಮಾತ್ರ.

ನಿಮ್ಮ ಹತ್ತಿರದ ಕ್ಲಿನಿಕ್‌ನಲ್ಲಿ ಮಾಡುವುದು ಹೆಚ್ಚಾಗಿ ಕಾರ್ಡ್ ಟೆಸ್ಟ್. ಅರ್ಧ ಗಂಟೆಯೊಳಗೆ ಫಲಿತಾಂಶ ಸಿಗುತ್ತದೆ. ಪಾಸಿಟಿವ್ ಬಂದರೆ ಡೆಂಗಿ ಎಂದೇ ಚಿಕಿತ್ಸೆ ಶುರು, ಬೀದಿಯಲ್ಲಿ ಸುದ್ದಿಯೂ ಹಬ್ಬುತ್ತದೆ. ಆದರೆ ಸರ್ಕಾರಿ ನಿಯಮದಲ್ಲಿ ಅದು ‘ಇರಬಹುದು’ ಎನ್ನುವ ಪ್ರಕರಣ ಅಷ್ಟೇ. ರಕ್ತದ ಮಾದರಿ ಗೊತ್ತುಪಡಿಸಿದ ಲ್ಯಾಬಿಗೆ ಹೋಗಿ ಎಲೈಸಾದಲ್ಲೂ ಪಾಸಿಟಿವ್ ಆಗಬೇಕು. ಎಷ್ಟೋ ಮಾದರಿಗಳು ಅಲ್ಲಿಗೆ ತಲುಪುವುದೇ ಇಲ್ಲ. ನಿಯಮ ಸುಮ್ನೆ ಮಾಡಿದ್ದಲ್ಲ ಬಿಡಿ, ಕಾರ್ಡ್ ಟೆಸ್ಟ್ ತಪ್ಪುವುದು ಜಾಸ್ತಿ.

ಅದಕ್ಕೂ ಮೊದಲೇ ದೊಡ್ಡ ಸೋರಿಕೆ ಆಗಿರುತ್ತದೆ. ಸೋಂಕು ತಗುಲಿದ ನಾಲ್ವರಲ್ಲಿ ಸುಮಾರು ಮೂವರಿಗೆ ಲಕ್ಷಣವೇ ಕಾಣುವುದಿಲ್ಲ. 2013ರಲ್ಲಿ ಪ್ರಕಟವಾದ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ 39 ಕೋಟಿ ಸೋಂಕು, ಲಕ್ಷಣ ಕಂಡದ್ದು 9.6 ಕೋಟಿ ಮಂದಿಗೆ. ಜ್ವರ ಬಂದವರಲ್ಲೂ ಹಲವರು ಪ್ಯಾರಸಿಟಮಾಲ್ ನುಂಗಿ, ಗಂಜಿ ಉಂಡು ಮಲಗುತ್ತಾರೆ. ಮಳೆಗಾಲದಲ್ಲಿ ನಮ್ಮ ಕರಾವಳಿಯಲ್ಲಿ ಮಲೇರಿಯಾ, ಇಲಿಜ್ವರವೂ ಇರುತ್ತವಲ್ವಾ? ಪರೀಕ್ಷೆ ಮಾಡಿಸದಿದ್ದರೆ ಯಾವುದೆಂದು ಹೇಳುವುದು ಕಷ್ಟ.

ಹಾಗಾಗಿ ಪೇಪರಿನ ಅಂಕಿಯನ್ನು ಒಟ್ಟು ರೋಗಿಗಳೆಂದು ಓದಬೇಡಿ. ಹೋದ ವಾರಕ್ಕಿಂತ ಏರಿತೋ ಇಳಿಯಿತೋ ನೋಡಿ. ಅದೂ ಪರೀಕ್ಷೆಗಳ ಸಂಖ್ಯೆ ಹೆಚ್ಚುಕಡಿಮೆ ಅಷ್ಟೇ ಇದ್ದರೆ ಮಾತ್ರ.