ಕರಡಿ ಕಾಡಿಗೆ ಯಾವ ಪಿಸ್ತೂಲು? ಮೊದಲು ಗುಂಡು, ಆಮೇಲೆ ಗನ್

ಪ್ರಶ್ನೆ ಇಷ್ಟು: ಆಗಸ್ಟ್‌ನಲ್ಲಿ ನಾಲ್ಕು ಜನ ಅಲಾಸ್ಕಾದ ಕೀನಾಯ್ ಕಡೆ ಸಾಲ್ಮನ್ ಹಿಡಿಯೋಕೆ ಹೊರಟಿದ್ದೀರಿ. ಮನೆಯಲ್ಲಿ 9 ಎಂಎಂ ಗ್ಲಾಕ್ 19 ಇದೆ. ಕರಡಿಯಿಂದ ರಕ್ಷಣೆಗೆ ಅದೇ ಸಾಕಾ, 10 ಎಂಎಂ ಗ್ಲಾಕ್ 20 ತಗೋಬೇಕಾ, ಇಲ್ಲ .44 ಮ್ಯಾಗ್ನಂ ರಿವಾಲ್ವರೇ ಬೇಕಾ? ಈ ಥ್ರೆಡ್‌ನಲ್ಲಿ ಮೇಲೆ ಉತ್ತರ ಕೊಟ್ಟವರೆಲ್ಲ ಒಂದೊಂದು ಕ್ಯಾಲಿಬರ್ (ಗುಂಡಿನ ಅಳತೆ) ಹೆಸರು ಹೇಳಿದ್ದಾರೆ. ಗುಂಡಿನ ಬಗ್ಗೆ, ಹೋಲ್‌ಸ್ಟರ್ (ಗನ್ ಇಡೋ ಒರೆ) ಬಗ್ಗೆ ಯಾರೂ ಬಾಯಿ ಬಿಟ್ಟಿಲ್ಲ. ಕರಡಿ ಮುಂದೆ ಲೆಕ್ಕಕ್ಕೆ ಬರೋದು ಅವೆರಡೇ, ಅದಕ್ಕೆ ಸ್ವಲ್ಪ ಉದ್ದ ಬರೀತಿದ್ದೀನಿ.

ಅದಕ್ಕೂ ಮೊದಲು ಒಂದು ಮಾತು. ಜೊತೆಗೆ ಬರುವ ಇಬ್ಬರು ಎಚ್1ಬಿ ಅಂತ ಬರೆದಿದ್ದೀರಿ. ಎಚ್1ಬಿ, ಎಚ್4, ಎಫ್1, ಊರಿಂದ ಬಂದ ಅಪ್ಪ ಅಮ್ಮನ ಬಿ2, ಯಾವುದೇ ವೀಸಾ ಇರಲಿ, ಫೆಡರಲ್ ಕಾನೂನಿನ ಪ್ರಕಾರ ಗನ್ ಆಗಲಿ ಒಂದೇ ಒಂದು ಗುಂಡಾಗಲಿ ಅವರ ಕೈಯಲ್ಲಿ ಇರೋ ಹಾಗಿಲ್ಲ. ಯಾವುದಾದರೂ ರಾಜ್ಯದ ಊರ್ಜಿತ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ. ಮೀನಿನ ಲೈಸೆನ್ಸ್ ಅದಲ್ಲ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತೊಂದರೆ ಇಲ್ಲ. "ಸ್ವಲ್ಪ ಹಿಡ್ಕೋ, ಬೂಟು ಕಟ್ಕೋತೀನಿ" ಅಂತ ಗೆಳೆಯನ ಕೈಗೆ ಕೊಟ್ಟರೂ ಕೊಟ್ಟವರು, ತಗೊಂಡವರು ಇಬ್ಬರೂ ಸಿಕ್ಕಿಬೀಳಬಹುದು. ಗನ್ ಕೇಸು ಅಂದರೆ ಜೈಲಷ್ಟೇ ಅಲ್ಲ, ಗಡೀಪಾರಿಗೂ ದಾರಿ. ಆ ಇಬ್ಬರಿಗೆ ಕರಡಿ ಸ್ಪ್ರೇ (ಕರಡಿಯ ಮುಖಕ್ಕೆ ಹೊಡೆಯೋ ಖಾರದ ಸ್ಪ್ರೇ) ಕೊಡಿಸಿ, ಮುಗೀತು.

ಸ್ಪ್ರೇ ಅಂದರೆ ಗನ್ ಸಿಗದವರಿಗೆ ಸಮಾಧಾನಕ್ಕೆ ಕೊಡೋದು ಅಂತ ಅಂದುಕೊಳ್ಳಬೇಡಿ. ಅಲಾಸ್ಕಾದ ಘಟನೆಗಳನ್ನು ಕಲೆಹಾಕಿ ಟಾಮ್ ಸ್ಮಿತ್, ಸ್ಟೀಫನ್ ಹೆರೆರೊ ತಂಡ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂದು ಕರಡಿಗಳ ಮೇಲೆ ಸ್ಪ್ರೇ 92% ಸಲ ಕೆಲಸ ಮಾಡಿತ್ತು. 2012ರಲ್ಲಿ ಅವರೇ ಗನ್ ಬಗ್ಗೆ ಮಾಡಿದ ಅಧ್ಯಯನದಲ್ಲಿ ಕೈಬಂದೂಕಿಗೆ 84%, ಉದ್ದ ಬಂದೂಕಿಗೆ 76%. ಎರಡರಲ್ಲಿ ಘಟನೆಗಳ ಸ್ವರೂಪ ಬೇರೆ ಬೇರೆ, ಹಾಗಾಗಿ ಈ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ವಾದ ಮಾಡೋದರಲ್ಲಿ ಅರ್ಥವಿಲ್ಲ. ಆದರೆ ಕೈಬಂದೂಕು ರೈಫಲ್‌ಗಿಂತ ಹಿಂದೆ ಬಿದ್ದಿಲ್ಲ ಅನ್ನೋದನ್ನು ಗಮನಿಸಿ. ಹೆಗಲ ಮೇಲೆ ನೇತಾಡೋ ರೈಫಲ್‌ಗಿಂತ ಎದೆ ಮೇಲಿರೋ ಪಿಸ್ತೂಲು ಬೇಗ ಕೈಗೆ ಬರುತ್ತೆ, ಕಾರಣ ಅದೇ ಇರಬೇಕು ಅಂತ ನನ್ನ ಅಂದಾಜು.

ಈಗ ಗುಂಡು. ಕಂದು ಕರಡಿ ಗಂಟೆಗೆ 56 ಕಿ.ಮೀ. ವೇಗದಲ್ಲಿ ಓಡಬಲ್ಲದು, ಅಂದರೆ 25 ಮೀಟರ್ ದಾಟೋಕೆ ಎರಡು ಸೆಕೆಂಡೂ ಬೇಡ. ಎದುರಿಂದ ಬರೋವಾಗ ನಿಮಗೆ ಕಾಣೋದು ತಗ್ಗಿಸಿದ ತಲೆ, ಅದರ ಹಿಂದೆ ದಪ್ಪ ಸ್ನಾಯು, ಹೆಗಲ ಮೂಳೆ. ಮನುಷ್ಯರಿಂದ ರಕ್ಷಣೆಗೆ ಅಂತ ಮಾಡಿದ ಹಾಲೋ ಪಾಯಿಂಟ್ ಗುಂಡು ಒಳಹೊಕ್ಕ ಕೂಡಲೇ ಹೂವಿನ ಹಾಗೆ ಅರಳಿ 35–40 ಸೆಂ.ಮೀ. ಒಳಗೆ ನಿಂತುಬಿಡೋ ಹಾಗೆ ತಯಾರಾಗಿರುತ್ತೆ. ಇಲ್ಲಿ ಅರಳೋದು ಬೇಡ, ಆಳಕ್ಕೆ ಇಳಿಯೋದು ಬೇಕು. ಅದಕ್ಕೆ ಹಾರ್ಡ್ ಕಾಸ್ಟ್, ಅಂದರೆ ಗಟ್ಟಿ ಮಿಶ್ರಲೋಹದ ಸೀಸದ, ಚಪ್ಪಟೆ ಮೂತಿಯ ಗುಂಡು. ಇಲ್ಲವೇ ಫೆಡರಲ್ ಅನ್ನೋ ಕಂಪನಿಯ ಸಾಲಿಡ್ ಕೋರ್ ಥರದ ಅರಳದ ಗುಂಡು. 10 ಎಂಎಂನಲ್ಲಿ 200 ಅಥವಾ 220 ಗ್ರೇನ್ (ಗುಂಡಿನ ತೂಕದ ಅಳತೆ), ಸೆಕೆಂಡಿಗೆ 1,200 ಅಡಿ ಆಸುಪಾಸು ಇರಲಿ. ಶಕ್ತಿ 640ರಿಂದ 700 ಅಡಿ-ಪೌಂಡ್ (ಗುಂಡಿನ ಹೊಡೆತದ ಶಕ್ತಿ ಅಳೆಯೋ ಮಾನ). ಬಫಲೋ ಬೋರ್, ಅಂಡರ್‌ವುಡ್ ಎರಡೂ ಕಂಪನಿಯವರು ಇಂಥ ಗುಂಡು ಮಾಡ್ತಾರೆ.

ಬಾಕ್ಸಿನ ಮೇಲೆ 10 ಎಂಎಂ ಅಂತ ಇದ್ದ ಮಾತ್ರಕ್ಕೆ ಮೋಸ ಹೋಗಬೇಡಿ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗೋ 180 ಗ್ರೇನ್ ಅಭ್ಯಾಸದ ಗುಂಡುಗಳಲ್ಲಿ ಎಷ್ಟೋ ಸೆಕೆಂಡಿಗೆ 1,030 ಅಡಿ ಆಜುಬಾಜಿನವು. ಹೆಸರು 10 ಎಂಎಂ, ಬಲ ಅದಕ್ಕಿಂತ ಸಣ್ಣ .40 ಎಸ್ ಆಂಡ್ ಡಬ್ಲ್ಯೂ ಗುಂಡಿನದು. ಗುರಿ ಹೊಡೆದು ಕಲಿಯೋಕೆ ಅವು ಚೆನ್ನ, ಕಾಡಿಗೆ ಬೇಡ.

ಹಾಗಾದರೆ ನಿಮ್ಮ ಗ್ಲಾಕ್ 19? 147 ಗ್ರೇನ್ +ಪಿ (ಹೆಚ್ಚು ಒತ್ತಡದ) ಹಾರ್ಡ್ ಕಾಸ್ಟ್ ಹಾಕಿದರೆ ಅದು ಆಟಿಕೆಯೇನಲ್ಲ. 2016ರಲ್ಲಿ ಅಲಾಸ್ಕಾದ ಅನುಭವಿ ಗೈಡ್ ಒಬ್ಬರು ಮೇಲೆರಗಿದ ಕಂದು ಕರಡಿಯನ್ನು ಅಂಥದೇ ಗುಂಡಿನ 9 ಎಂಎಂ ಪಿಸ್ತೂಲಿನಿಂದ ಕೊಂದು ಜೊತೆಗಿದ್ದವರನ್ನು ಉಳಿಸಿದ್ದು ದಾಖಲಾಗಿದೆ. ಆದರೆ ಶಕ್ತಿ 400 ಅಡಿ-ಪೌಂಡ್ ಹತ್ತಿರ ಮಾತ್ರ, ಗುರಿ ತಪ್ಪಿದರೆ ಸುಧಾರಿಸಿಕೊಳ್ಳೋಕೆ ಜಾಗ ಕಡಿಮೆ. ಕಪ್ಪು ಕರಡಿ ಮಾತ್ರ ಇರೋ ಕಡೆ (ಕ್ಯಾಲಿಫೋರ್ನಿಯಾ ಪೂರ್ತಿ ಹಾಗೇ) ನಾನಾದರೆ ಹೊಸ ಗನ್‌ಗೆ ದುಡ್ಡು ಹಾಕಲ್ಲ. ಕೀನಾಯ್‌ಗೆ, ಮೊಂಟಾನಾಕ್ಕೆ 10 ಎಂಎಂ ಅಂತೀನಿ, ಒಂದು ಷರತ್ತಿನ ಮೇಲೆ: ಅದರ ಒದೆತ ನಿಮ್ಮ ಕೈಗೆ ಒಗ್ಗಬೇಕು. .44 ಮ್ಯಾಗ್ನಂ 900 ಅಡಿ-ಪೌಂಡ್ ಮೀರುತ್ತೆ ನಿಜ, ಆದರೆ ಆರೇ ಗುಂಡು. ಮೊದಲನೆಯದು ಹಾರಿದ ಮೇಲೆ ಮೂತಿ ಆಕಾಶ ನೋಡ್ತಿರುತ್ತೆ, ಎರಡನೆಯದಕ್ಕೆ ಇಳಿಯೋ ಹೊತ್ತಿಗೆ ಕರಡಿ ಬಂದಾಗಿರುತ್ತೆ. ವರ್ಷಗಟ್ಟಲೆ ಅದನ್ನೇ ಹೊಡೆದವರ ಮಾತು ಬೇರೆ.

10 ಎಂಎಂನಲ್ಲಿ ಗ್ಲಾಕ್ 20 ಎಲ್ಲರೂ ಹೇಳೋ ಉತ್ತರ, ತಪ್ಪೂ ಅಲ್ಲ. ಮ್ಯಾಗಜಿನ್‌ನಲ್ಲಿ (ಗುಂಡು ತುಂಬೋ ಡಬ್ಬಿ) 15, ಬ್ಯಾರೆಲ್ ಹಿಂದಿನ ಚೇಂಬರ್‌ನಲ್ಲಿ ಒಂದು ಗುಂಡು, 4.6 ಇಂಚಿನ ಬ್ಯಾರೆಲ್, ಗುಂಡು ತುಂಬಿದರೆ ಸುಮಾರು 1.1 ಕೆಜಿ. ಗ್ರೀನ್‌ಲ್ಯಾಂಡಿನಲ್ಲಿ ಗಸ್ತು ತಿರುಗುವ ಡೆನ್ಮಾರ್ಕಿನ ಸಿರಿಯಸ್ ನಾಯಿಬಂಡಿ ದಳದವರು ಹಿಮಕರಡಿಗೆ ಅಂತ ಇಟ್ಟುಕೊಂಡಿರೋದೂ ಅದನ್ನೇ. ತೊಂದರೆ ಅದರ ಹಿಡಿಯಲ್ಲಿ, ಮರದ ತೊಲೆ ಹಿಡಿದ ಹಾಗಿರುತ್ತೆ. ಅಂಗಡಿಯಲ್ಲಿ ಕೈಗೆ ತಗೊಂಡು ನೋಡಿ: ಮುಂಗೈ ಮೂಳೆ ಬ್ಯಾರೆಲ್‌ನ ನೇರಕ್ಕೆ ಇರೋ ಹಾಗೆ ಹಿಡಿದಾಗ ತೋರುಬೆರಳಿನ ಮೊದಲ ಗೆಣ್ಣಿನ ಮೆತ್ತೆ ಟ್ರಿಗರ್ ಮೇಲೆ ಕೂರಬೇಕು. ಅಂಗೈ ಪಕ್ಕಕ್ಕೆ ಜರುಗಿಸಿದರೆ ಮಾತ್ರ ಎಟಕುತ್ತೆ ಅಂದರೆ ಆ ಗನ್ ನಿಮ್ಮದಲ್ಲ. ಎಸ್ ಆಂಡ್ ಡಬ್ಲ್ಯೂ ಎಂ ಆಂಡ್ ಪಿ 2.0ರ 10 ಎಂಎಂ ಮಾದರಿ ನೋಡಿ, ಹಿಡಿಯ ಹಿಂಭಾಗಕ್ಕೆ ನಾಲ್ಕು ಅಳತೆ ಕೊಡ್ತಾರೆ. ಗ್ಲಾಕ್ 29 ಚಿಕ್ಕದು ಅಂತ ಆಸೆ ಪಡಬೇಡಿ. ಚಿಕ್ಕ ಗನ್‌ನಲ್ಲಿ ಅದೇ ಗುಂಡು ಇನ್ನೂ ಜೋರಾಗಿ ಒದೆಯುತ್ತೆ.

ಗ್ಲಾಕ್ ತಗೊಂಡರೆ ಒಂದು ವಿಷಯ ಗೊತ್ತಿರಲಿ. ಅದರ ಬ್ಯಾರೆಲ್ ಒಳಗೆ ಕೊರೆದ ಗೀರುಗಳ ಬದಲು ದುಂಡು ಮೂಲೆಯ ಬಹುಭುಜ ರಚನೆ ಇರುತ್ತೆ. ತಾಮ್ರದ ಕವಚ ಇಲ್ಲದ ಸೀಸದ ಗುಂಡು ಬೇಡ ಅಂತ ಕಂಪನಿಯೇ ಹೇಳುತ್ತೆ, ಯಾಕೆಂದರೆ ಸೀಸ ಒಳಗೆ ಮೆತ್ತಿಕೊಂಡು ಒತ್ತಡ ಏರುತ್ತೆ. ಒಂದೆರಡು ಮ್ಯಾಗಜಿನ್ ಹೊಡೆದು ಶುಚಿ ಮಾಡೋರು ಬಹಳ ಜನ ಇದ್ದಾರೆ. ನಿಶ್ಚಿಂತೆ ಬೇಕೆಂದರೆ ಸಾಮಾನ್ಯ ಗೀರಿನ ಬೇರೆ ಬ್ಯಾರೆಲ್ ಹಾಕಿಸಿ, ಇಲ್ಲವೇ ಸಾಲಿಡ್ ಕೋರ್ ಥರ ಪಾಲಿಮರ್ ಕವಚ ಇರೋ ಗುಂಡು ಬಳಸಿ. ಹೊಡೆದ ಮೇಲೆ ಖಾಲಿ ಮಾಡಿ, ಬಿಚ್ಚಿ, ಬ್ಯಾರೆಲ್ ಬೆಳಕಿಗೆ ಹಿಡಿಯಿರಿ. ಬೂದು ಬಣ್ಣದ ಪಟ್ಟೆ ಕಂಡರೆ ಸೀಸ. ಹಳೇ ಬ್ರಷ್‌ಗೆ ತಾಮ್ರದ ಜಾಲರಿ ಎಳೆ ಸುತ್ತಿ ಉಜ್ಜಿದರೆ ಚಕ್ಕೆಚಕ್ಕೆಯಾಗಿ ಬರುತ್ತೆ. ಕವಚದ ಗುಂಡು ನಾಲ್ಕು ಹೊಡೆದರೆ ತಾನೇ ಹೋಗುತ್ತೆ ಅನ್ನೋ ಸಲಹೆ ಕೇಳಬೇಡಿ, ಒತ್ತಡ ಏರೋ ಅಪಾಯ ಇರೋದೇ ಆಗ.

ಇನ್ನು ಗ್ಲಾಕ್ ಥರದ ಸೆಮಿ ಆಟೋಮ್ಯಾಟಿಕ್‌ನ ನಿಜವಾದ ದೌರ್ಬಲ್ಯ. ಮೂತಿಯನ್ನು ಯಾವುದಕ್ಕಾದರೂ ಒತ್ತಿದರೆ ಸ್ಲೈಡ್ (ಗನ್‌ನ ಮೇಲಿನ ಹಿಂದೆ ಮುಂದೆ ಜಾರೋ ಭಾಗ) ಕೆಲವು ಮಿಲಿಮೀಟರ್ ಹಿಂದೆ ಸರಿಯುತ್ತೆ, ಆಗ ಟ್ರಿಗರ್ ಎಳೆದರೂ ಗುಂಡು ಹಾರಲ್ಲ. ಖಾಲಿ ಗನ್‌ನ ಮೂತಿಯನ್ನು ದಿಂಬಿಗೆ ಒತ್ತಿ ಟ್ರಿಗರ್ ಎಳೆದು ನೋಡಿ (ಒಂದಕ್ಕೆ ಎರಡು ಸಲ ಚೇಂಬರ್ ಪರೀಕ್ಷಿಸಿ, ಗುಂಡೆಲ್ಲ ಬೇರೆ ಕೋಣೆಯಲ್ಲಿಟ್ಟು), ಮೂತಿ ಚೆನ್ನಾಗಿ ಒತ್ತಿದ್ದರೆ ಕ್ಲಿಕ್ ಅಂತ ಕೂಡ ಅನ್ನಲ್ಲ. ಕರಡಿ ಮೈಮೇಲೆ ಬಿದ್ದಾಗ ನೀವು ಮಾಡೋದೇ ಮೂತಿ ಒತ್ತೋ ಕೆಲಸ. ಹಾಗಾಗಿ ತಾಗಿಸಿ ಒಂದು ಅಂಗುಲ ಹಿಂದೆಳೆದು ಹೊಡೆಯೋದನ್ನು ಗುಂಡಿಲ್ಲದ ಒಣ ಅಭ್ಯಾಸದಲ್ಲೇ ರೂಢಿ ಮಾಡಿ. ಮೂತಿಗಿಂತ ಮುಂದೆ ಚಾಚಿರೋ ಲೈಟ್ ಇದ್ದರೆ ಒತ್ತಡ ಅದರ ಮೇಲೆ ಬಿದ್ದು ಸ್ಲೈಡ್ ಸರಿಯಲ್ಲ, ಆದರೆ ಆ ಲೈಟ್ ಸಮೇತ ಕೂರೋ ಹೋಲ್‌ಸ್ಟರ್ ಬೇಕು. ರಿವಾಲ್ವರ್‌ಗೆ ಈ ಕಾಟ ಇಲ್ಲ, ಈ ಒಂದು ವಿಷಯದಲ್ಲಿ ಅದೇ ಮೇಲು. ಇನ್ನೊಂದು, ಮಣಿಕಟ್ಟು ಸಡಿಲ ಬಿಟ್ಟರೆ ಸ್ಲೈಡ್ ಪೂರ್ತಿ ಹಿಂದೆ ಹೋಗದೆ ಖಾಲಿ ಕೋಶ ಬಾಯಲ್ಲೇ ಸಿಕ್ಕಿಕೊಳ್ಳುತ್ತೆ. ನೆಲದಲ್ಲಿ ಬಿದ್ದು ಒಂದೇ ಕೈಲಿ ಹೊಡೆಯೋವಾಗ ಆಗೋದು ಇದೇ, ಬಿಡಿಸೋಕೆ ಎರಡೂ ಕೈ ಬೇಕು.

ಸ್ಲೈಡನ್ನು ಮುಂದಕ್ಕೆ ತಳ್ಳೋ ರಿಕಾಯಿಲ್ ಸ್ಪ್ರಿಂಗ್ ಇನ್ನೂ ಗಟ್ಟಿಯದು ಹಾಕಿ ಅಂತ ಮೇಲೆ ಒಬ್ಬರು ಸಲಹೆ ಕೊಟ್ಟಿದ್ದಾರೆ. ಗ್ಲಾಕ್ 20ರ ಮೂಲ ಸ್ಪ್ರಿಂಗ್ 17 ಪೌಂಡ್. 20, 22 ಅಂತ ಏರಿಸುತ್ತಾ ಹೋದರೆ ಸ್ಲೈಡ್ ಮುಂದೆ ಬರೋ ರಭಸಕ್ಕೆ ಮ್ಯಾಗಜಿನ್ ಗುಂಡನ್ನು ಮೇಲೆತ್ತಿ ಕೊಡೋದರಲ್ಲಿ ಹಿಂದೆ ಬೀಳಬಹುದು. ಮೂಲದ್ದರಲ್ಲೇ ಸರಿಯಾಗಿ ಓಡ್ತಿದ್ದರೆ ಮುಟ್ಟಬೇಡಿ. ಓಡುತ್ತಾ ಅಂತ ತಿಳಿಯೋಕೆ ಕಾಡಿಗೆ ಒಯ್ಯೋ ಅದೇ ಗುಂಡನ್ನು, ಒಯ್ಯೋ ಅದೇ ಮ್ಯಾಗಜಿನ್‌ಗಳಲ್ಲಿ, ಕನಿಷ್ಠ 150 ಹೊಡೆಯಿರಿ, ನಡುನಡುವೆ ಬ್ಯಾರೆಲ್ ಉಜ್ಜುತ್ತಾ. ಒಂದೊಂದಕ್ಕೆ ಒಂದು ಡಾಲರಿಗಿಂತ ಮೇಲೆ ಬೀಳುತ್ತೆ, ಜೇಬು ಉರಿಯುತ್ತೆ, ಆದರೂ ಬಿಡಬೇಡಿ. ಚಪ್ಪಟೆ ಮೂತಿಯ ಗುಂಡು ಕೆಲವು ಗನ್‌ಗಳಲ್ಲಿ ಚೇಂಬರ್ ಬಾಯಿಗೆ ಬಡಿದು ನಿಲ್ಲುತ್ತೆ. ಅದು ರೇಂಜ್‌ನಲ್ಲೇ ಗೊತ್ತಾಗಬೇಕು. ದಿನಾ ರಾತ್ರಿ ಖಾಲಿ ಮಾಡಿ ಬೆಳಗ್ಗೆ ಅದೇ ಗುಂಡನ್ನು ಮತ್ತೆ ಚೇಂಬರ್‌ಗೆ ಹಾಕ್ತಿದ್ದರೆ ಗುಂಡಿನ ಮೂತಿ ಅದರ ಕೋಶದೊಳಕ್ಕೆ ಕುಸಿಯುತ್ತೆ. ಬಾಕ್ಸಿನ ಹೊಸದರ ಪಕ್ಕ ನಿಲ್ಲಿಸಿ ನೋಡಿ, ಕೂದಲೆಳೆ ಗಿಡ್ಡ ಕಂಡರೂ ಎತ್ತಿಡಿ. 10 ಎಂಎಂ ಒತ್ತಡದಲ್ಲಿ ಅದು ಚೆಲ್ಲಾಟ ಅಲ್ಲ.

ಹೋಲ್‌ಸ್ಟರ್ ಎದೆ ಮೇಲೇ ಇರಲಿ. ಸೊಂಟದಲ್ಲಿದ್ದರೆ ಬೆನ್ನುಚೀಲದ ಪಟ್ಟಿ ಅಡ್ಡ ಬರುತ್ತೆ, ನೀರಿಗಿಳಿಯೋ ವೇಡರ್ ಹಾಕಿದರಂತೂ ಕೈಗೇ ಸಿಗಲ್ಲ. ಚೀಲದೊಳಗಿನ ಪಿಸ್ತೂಲು ಒಂದು ಕೆಜಿ ಕಬ್ಬಿಣ ಅಷ್ಟೇ. ಟ್ರಿಗರ್ ಪೂರ್ತಿ ಮುಚ್ಚಿರಬೇಕು, ಗ್ಲಾಕ್‌ಗೆ ಬೇರೆ ಸೇಫ್ಟಿ ಗುಂಡಿ ಇಲ್ಲ. ಎದೆಯಿಂದ ಎಳೆಯೋವಾಗ ಮೂತಿ ಎಡತೋಳನ್ನು ಹಾದು ಹೋಗುತ್ತೆ, ಅದಕ್ಕೆ ಎಡಗೈ ಎದೆಗೆ ಒತ್ತಿಕೊಂಡಿರಿ. ಸ್ಪ್ರೇ ಎಡಗಡೆ, ಗನ್ ಬಲಗಡೆ, ಒಮ್ಮೆ ಗೊತ್ತು ಮಾಡಿದ ಮೇಲೆ ಬದಲಿಸಬೇಡಿ. ಮನೆಯಲ್ಲಿ ಖಾಲಿ ಗನ್‌ನಿಂದ ದಿನಾ ಇಪ್ಪತ್ತು ಸಲ ಎಳೆಯಿರಿ. ಯುದ್ಧಕಾಲೇ ಶಸ್ತ್ರಾಭ್ಯಾಸ ಅಂತ ಕೀನಾಯ್‌ನಲ್ಲಿ ಶುರು ಮಾಡೋದಲ್ಲ. 7 ಗಜ ದೂರದ 20 ಸೆಂ.ಮೀ. ಪೇಪರ್ ತಟ್ಟೆಗೆ, ಹೋಲ್‌ಸ್ಟರ್‌ನಿಂದ ಎಳೆದು ಎರಡೂವರೆ ಸೆಕೆಂಡಿನಲ್ಲಿ ಎರಡು ಗುಂಡು ಬೀಳಬೇಕು. 9 ಎಂಎಂನಲ್ಲಿ ಬಿದ್ದು 10 ಎಂಎಂನಲ್ಲಿ ಬೀಳದಿದ್ದರೆ ನಿಮಗೆ 9 ಎಂಎಂ ಸರಿ, ಮೇಲಿನವರು ಏನೇ ಹೇಳಲಿ.

ಕಾನೂನಿನ ಇನ್ನೆರಡು ಮಾತು. ರಾಷ್ಟ್ರೀಯ ಉದ್ಯಾನಗಳಲ್ಲಿ 2010ರಿಂದ ಆಯಾ ರಾಜ್ಯದ ಕಾನೂನಿನಂತೆ ಗನ್ ಇಟ್ಟುಕೊಳ್ಳಬಹುದು, ವಿಸಿಟರ್ ಸೆಂಟರ್ ಒಳಗೆ ಒಯ್ಯೋ ಹಾಗಿಲ್ಲ. ಅಲಾಸ್ಕಾದಲ್ಲಿ ಪ್ರಾಣರಕ್ಷಣೆಗೆ ಕರಡಿ ಕೊಂದರೆ ಉಗುರು ಸಮೇತ ಚರ್ಮ ಸುಲಿದು ತಲೆಬುರುಡೆ ಜೊತೆ ಸರ್ಕಾರಕ್ಕೆ ಒಪ್ಪಿಸಬೇಕು, 15 ದಿನದೊಳಗೆ ಬರೆದು ಕೊಡಬೇಕು. ಮೀನಿನ ಕರುಳು, ಊಟದ ಕಸ ಕ್ಯಾಂಪ್ ಸುತ್ತ ಬಿಟ್ಟು ಕರಡಿ ಕರೆಸಿಕೊಂಡಿದ್ದರೆ ಆತ್ಮರಕ್ಷಣೆ ಅನ್ನೋ ಮಾತು ನಡೆಯಲ್ಲ. ಮೊಂಟಾನಾ ಕಡೆಯ ಗ್ರಿಜ್ಲಿ (ಅಲ್ಲಿನ ಕಂದು ಕರಡಿ) ಫೆಡರಲ್ ರಕ್ಷಣೆಯ ಪಟ್ಟಿಯಲ್ಲಿದೆ, ಅಲ್ಲಿ ತಕ್ಷಣ ತಿಳಿಸಿ. ಕೆನಡಾ ಮೂಲಕ ಕಾರಲ್ಲಿ ಹೋಗೋ ಯೋಚನೆ ಇದ್ದರೆ ಪಿಸ್ತೂಲು ಮನೆಯಲ್ಲಿ ಬಿಡಿ.

ವಿಮಾನಕ್ಕೆ: ಗನ್ ಖಾಲಿ ಇರಬೇಕು, ಬೀಗ ಹಾಕಿದ ಗಟ್ಟಿ ಪೆಟ್ಟಿಗೆಯಲ್ಲಿ, ಚೆಕ್-ಇನ್ ಲಗೇಜಿನಲ್ಲಿ, ಕೌಂಟರ್‌ನಲ್ಲೇ ಹೇಳಿ ಒಪ್ಪಿಸಬೇಕು, ಗುಂಡು ಅದರ ಬಾಕ್ಸಿನಲ್ಲಿ. ಕರಡಿ ಸ್ಪ್ರೇಯನ್ನು ಚೆಕ್-ಇನ್ ಲಗೇಜಿನಲ್ಲೂ ಬಿಡಲ್ಲ. ಆಂಕರೇಜ್‌ನಲ್ಲಿ ಇಳಿದ ಮೇಲೆ ಕೊಳ್ಳಿ, ತಲೆಗೊಂದು, ಕ್ಯಾನ್ ಮೇಲಿನ ಮುಕ್ತಾಯ ದಿನಾಂಕ ನೋಡಿ. ವಾಪಸ್ ಬರೋವಾಗ ಲಾಡ್ಜ್‌ನವರಿಗೆ ಕೊಟ್ಟು ಬನ್ನಿ. ಒಳನಾಡಿಗೆ ಫ್ಲೋಟ್ ಪ್ಲೇನ್ (ತೇಲುವ ಫ್ಲೋಟ್‌ಗಳ ಮೇಲೆ ನೀರಿಗಿಳಿಯೋ ಸಣ್ಣ ವಿಮಾನ) ಹತ್ತೋದಿದ್ದರೆ ಸ್ಪ್ರೇ ಇದೆ ಅಂತ ಪೈಲಟ್‌ಗೆ ಮೊದಲೇ ಹೇಳಿ. ಸೀಟಿನ ಪಕ್ಕ ಸೋರಿದರೆ ಪೈಲಟ್‌ಗೆ ಕಣ್ಣು ಕಾಣಲ್ಲ, ಅದಕ್ಕೇ ಅವರು ಅದನ್ನು ಹೊರಗಿನ ಫ್ಲೋಟ್ ಒಳಗೆ ಇಡ್ತಾರೆ.